ನಲವತ್ತನೆಯ ಮನೆಗೆ ನಾಲ್ಕನೆಯ ಗೋಡೆ

ನಮ್ಮ ಪ್ರಾಂತೀಯ ರಂಗಮಂದಿರದ ವೇದಿಕೆ ಒಂದು ವಾಸದ ಮನೆ. ಇದು ನನ್ನ ಅಭಿಪ್ರಾಯವಲ್ಲ, ಮನೆಗಣತಿ ಕಚೇರಿಯ ದಾಖಲೆ. ಮನೆಗೆ ಬಾಗಿಲುಂಟು, ಬಾಗಿಲಿಗೆ ಸಂಖ್ಯೆಯುಂಟು, ಒಳಗೆ ಇಬ್ಬರು ನಿವಾಸಿಗಳುಂಟು. ಆ ನಿವಾಸಿಗಳು ನಾಟಕದ ಪಾತ್ರಗಳೆಂಬ ಸಣ್ಣ ವಿಷಯವನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲವಾದ್ದರಿಂದ ಅದು ಬಿಟ್ಟುಹೋಗಿದೆ. ರಂಗಮಂದಿರದ ವ್ಯವಸ್ಥಾಪಕನಾಗಿ, ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ನನ್ನ ಕರ್ತವ್ಯ.

ಈ ಸಲ ನಾವು ಎತ್ತಿಕೊಂಡದ್ದು ಒಂದು ಹಳೆಯ, ಹೆಸರುವಾಸಿ ಪ್ರಹಸನ. ಒಂದೇ ಮನೆಯಲ್ಲಿ ಇಬ್ಬರು ಗೆಳೆಯರು. ಒಬ್ಬ ಒಪ್ಪಣ್ಣ. ಕರವಸ್ತ್ರ ಮಡಚಿ, ಮಡಿಕೆ ಸರಿಯಾಯಿತೇ ಎಂದು ಸ್ಕೇಲು ಇಟ್ಟು ನೋಡುವವನು. ಇನ್ನೊಬ್ಬ ಹರವಣ್ಣ. ಒಂದು ಕಾಲ್ಚೀಲ ಹುಡುಕಲು ಹೊರಟು, ಸಿಕ್ಕಿದ ಹಳೇ ಪೇಪರು ಓದುತ್ತ ಮಧ್ಯಾಹ್ನದವರೆಗೆ ನೆಲದ ಮೇಲೇ ಕೂರುವವನು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಎರಡು ಗಂಟೆ ಜಗಳವಾಡಿ ಕೊನೆಗೆ ಒಪ್ಪಣ್ಣ ಹರವಣ್ಣನನ್ನು ಬಾಗಿಲಾಚೆ ದಬ್ಬುತ್ತಾನೆ.

ಒಪ್ಪಣ್ಣನ ಪಾತ್ರ ನಮ್ಮ ಹಿರಿಯ ನಟರಿಗೆ ಹೋಯಿತು. ಹರವಣ್ಣನದು ಕಂಬಣ್ಣನಿಗೆ. ಕಂಬಣ್ಣ ಎಂಬುದು ಅವನ ಹೆಸರಲ್ಲ, ಹೆಚ್ಚುಕಡಿಮೆ ಹುದ್ದೆ. ಇಪ್ಪತ್ತೆರಡು ವರ್ಷ ಅವನು ನಮ್ಮಲ್ಲಿ ಈಟಿ ಹಿಡಿದ ಕಾವಲುಗಾರನಾಗಿ ನಿಂತಿದ್ದ. ನಿಲ್ಲದ ದಿನ ಹೆಣವಾಗಿ ಮಲಗಿದ್ದ. ಅಷ್ಟೂ ವರ್ಷಗಳಲ್ಲಿ ವೇದಿಕೆಯ ಮೇಲೆ ಅವನ ಗಂಟಲಿನಿಂದ ಬಂದದ್ದು ಒಂದೇ ಒಂದು ಕೆಮ್ಮು, ಅದೂ ಹೆಣವಾಗಿದ್ದಾಗ.

ಈ ಪಾತ್ರ ಕೊಡಿಸಿದ್ದು ಅವನ ಹೆಂಡತಿ. ನಮ್ಮ ವೇಷಭೂಷಣಗಳನ್ನೆಲ್ಲ ಹೊಲಿಯುವವರು ಅವರೇ, ಆದ್ದರಿಂದ ಇಡೀ ತಂಡಕ್ಕೆ ಅತ್ತಿಗೆ. ಒಂದು ದಿನ ಕತ್ತರಿ ಕೈಯಲ್ಲಿ ಹಿಡಿದೇ ನಿರ್ದೇಶಕರ ಕೋಣೆಗೆ ನುಗ್ಗಿದರು.

"ಮನೇಲಿ ಇವರು ಬಾಯಿ ತೆಗೆದ್ರೆ ಮೇಲಿನ ಮಹಡಿಯವರು ಕಿಟಕಿ ಹಾಕ್ಕೊಳ್ತಾರೆ. ನಿಮ್ಮ ಸ್ಟೇಜಿಗೆ ಬಂದಾಗ ಮಾತ್ರ ಯಾಕ್ರೀ ಹೆಣ ಆಗ್ಬೇಕು? ಇವರ ಮಾತನ್ನ ಒಂದು ಸಲ ಟಿಕೆಟ್ ತಗೊಂಡು ಕೇಳ್ಬೇಕು ಅಂತ ನಂಗೆ ಆಸೆ."

ನಿರ್ದೇಶಕರು ಕತ್ತರಿಯನ್ನು ನೋಡಿ ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. ಮೊದಲ ಪ್ರದರ್ಶನದ ದಿನ ಮಾತು ಹೊರಡದಿದ್ದರೆ ಮತ್ತೆ ಈಟಿ, ಈ ಸಲ ಶಾಶ್ವತವಾಗಿ.

ಕಂಬಣ್ಣ ಮನೆಯಲ್ಲಿ ನಾನೂರ ಹದಿನೆಂಟು ಮಾತುಗಳನ್ನೂ ಬಾಯಿಪಾಠ ಮಾಡಿದ. ಹೊಲಿಗೆ ಯಂತ್ರದ ಸದ್ದನ್ನು ಮೀರಿಸಿ ಒಪ್ಪಿಸುತ್ತಿದ್ದನಂತೆ. ಕೇಳಿ ಕೇಳಿ ಅತ್ತಿಗೆಗೂ ಎಲ್ಲ ಬಾಯಿಗೆ ಬಂತು. ರಂಗಮಂದಿರಕ್ಕೆ ಬಂದರೆ ಮಾತ್ರ, ಖಾಲಿ ಕುರ್ಚಿಗಳ ಸಾಲು ಕಂಡರೂ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಪಾಪ, ನೋಡಿದರೆ ನನಗೇ ಬಾಯಾರುತ್ತಿತ್ತು.

ಪ್ರದರ್ಶನಕ್ಕೆ ಹತ್ತು ದಿನವಿತ್ತು. ನಿರ್ದೇಶಕರಿಗೆ ಎಲ್ಲವೂ ನಿಜದಂತಿರಬೇಕು. ಹಾಗಾಗಿ ರಂಗದ ಮನೆಗೆ ನಿಜವಾದ ಬಾಗಿಲು, ನಿಜವಾದ ಚಿಲಕ, ನಿಜವಾದ ಕರೆಗಂಟೆ. ಸೋಫಾ ಸಾಗಿಸಲೆಂದು ಆ ದಿನ ರಂಗಮಂದಿರದ ಹಿಂಬಾಗಿಲು ತೆರೆದಿತ್ತು. ಹಿಂದಿನ ಓಣಿಯಿಂದ ಮನೆಗಣತಿಯವರೊಬ್ಬರು ಒಳಗೆ ಬಂದರು. ಅವರಿಗೆ ದಿನಕ್ಕೆ ನಲವತ್ತು ಮನೆ ಎಣಿಸಬೇಕೆಂಬ ಗುರಿ. ಮೂವತ್ತೊಂಬತ್ತು ಆಗಿತ್ತು, ಓಣಿ ಮುಗಿದಿತ್ತು. ಎದುರಿಗೊಂದು ಬಾಗಿಲು ಕಂಡಿತು. ಕರೆಗಂಟೆ ಒತ್ತಿದರು.

ತಾಲೀಮು ನಡೆಯುತ್ತಿತ್ತು. "ಏನೇ ಆದ್ರೂ ನಿಲ್ಲಿಸಬೇಡಿ!" ಎಂದು ನಿರ್ದೇಶಕರು ಕತ್ತಲಲ್ಲಿ ಕೂತು ಕೂಗಿದರು. ಒಪ್ಪಣ್ಣ ಬಾಗಿಲು ತೆಗೆದರು.

"ಮನೆ ಯಜಮಾನರು ಯಾರು?"

"ನಾನು," ಎಂದರು ಒಪ್ಪಣ್ಣ.

"ನಾನು!" ಎಂದು ಕುರ್ಚಿಗಳಿಗೆ ಬೆನ್ನು ಹಾಕಿ ನಿಂತಿದ್ದ ಕಂಬಣ್ಣ ಗುಡುಗಿದ. ಸೂರಿನ ಪಾರಿವಾಳಗಳು ಹಾರಿಹೋದವು. ನಿರ್ದೇಶಕರು ಕುಣಿದಾಡಿಬಿಟ್ಟರು.

ಗಣತಿಯವರು ಇಬ್ಬರನ್ನೂ ಯಜಮಾನರೆಂದು ಬರೆದುಕೊಂಡು, ಬಾಗಿಲಿಗೆ ನಲವತ್ತನೇ ಸಂಖ್ಯೆಯ ಚೀಟಿ ಅಂಟಿಸಿ, ಸಂತೃಪ್ತರಾಗಿ ಮನೆಗೆ ಹೋದರು.

ಮೂರನೆಯ ದಿನ ಮನೆಗಣತಿ ಕಚೇರಿಯಿಂದ ನೋಟೀಸು ಬಂತು. "ಸದರಿ ಮನೆಗೆ ಮೂರೇ ಗೋಡೆಗಳಿರುವುದು ಕಂಡುಬಂದಿದೆ. ಏಳು ದಿನದೊಳಗೆ ನಾಲ್ಕನೆಯದನ್ನು ಕಟ್ಟತಕ್ಕದ್ದು. ತಪ್ಪಿದಲ್ಲಿ ನಿವಾಸಿಗಳ ಸುರಕ್ಷತೆಯ ಸಲುವಾಗಿ ಮನೆಗೆ ಬೀಗಮುದ್ರೆ ಹಾಕಲಾಗುವುದು." ನಾನು ಕಚೇರಿಗೆ ಓಡಿದೆ. ಅಲ್ಲಿನ ಮನೆ ಸುರಕ್ಷತಾ ಅಧಿಕಾರಿ ಸಜ್ಜನರು. ಕುರ್ಚಿ ಕೊಟ್ಟರು.

"ಸಾರ್, ಅದು ಮನೆ ಅಲ್ಲ. ನಾಟಕದ ಸೆಟ್ಟು."

"ನಂಗೆ ಗೊತ್ತಿಲ್ವೇನ್ರೀ? ನಂಗೂ ಕಣ್ಣಿದೆ. ರಿಜಿಸ್ಟರಿಗೆ ಇಲ್ವಲ್ಲ."

"ಹಾಗಾದ್ರೆ ರಿಜಿಸ್ಟರಿಂದ ತೆಗೆದುಹಾಕಿ ಸಾರ್."

"ಧಾರಾಳವಾಗಿ. ಯಜಮಾನರಿಬ್ಬರೂ ಬಂದು ಅರ್ಜಿಗೆ ಸಹಿ ಹಾಕ್ಲಿ."

"ಅವರು ಪಾತ್ರಗಳು. ಅಂದ್ರೆ, ಅಂಥವರು ಯಾರೂ ಇಲ್ಲ."

"ಇಲ್ಲದವರು ಬಾಗಿಲು ಹೇಗ್ರೀ ತೆಗೆದ್ರು?" ಎಂದು ಅವರು ಕನಿಕರದಿಂದ ಕೇಳಿದರು. ಉತ್ತರವಿಲ್ಲದವರು ಗೋಡೆ ಕಟ್ಟಬೇಕು.

ಸುದ್ದಿ ಕೇಳಿ ನಿರ್ದೇಶಕರು ಮೊದಲು ಅತ್ತರು. "ಮನೆ ಕಟ್ಟಿ ನೋಡು ಅಂತ ಹಿರಿಯರು ಸುಮ್ನೆ ಹೇಳಿಲ್ಲ," ಎಂದರು. ಬಡಗಿ ಮಾತ್ರ ಒಂದೇ ಪ್ರಶ್ನೆ ಕೇಳಿದ: "ಬಾಗಿಲು ಯಾವ ಕಡೆಗೆ ಸಾರ್?" ನಿಯಮ ಹನ್ನೊಂದರ ಪ್ರಕಾರ ಮುಂಬಾಗಿಲು ತೆರೆದ ಜಾಗಕ್ಕೆ ಮುಖ ಮಾಡಿರತಕ್ಕದ್ದು. ನಮ್ಮಲ್ಲಿರುವ ತೆರೆದ ಜಾಗವೆಂದರೆ ಪ್ರೇಕ್ಷಾಗೃಹ. ಬಡಗಿ ಹಿಂದಿದ್ದ ಬಾಗಿಲನ್ನು ಕಿತ್ತು, ಪ್ರೇಕ್ಷಕರೆದುರು ಎದ್ದು ನಿಂತ ಹೊಸ ಪ್ಲೈವುಡ್ ಗೋಡೆಗೆ ಕೂರಿಸಿದ. ಗಾಳಿಗಾಗಿ ಒಂದು ಕಿಟಕಿ. ನಿವಾಸಿಗಳ ಮಾನ ಕಾಪಾಡಲು ಕಿಟಕಿಗೆ ಮಬ್ಬು ಗಾಜು.

ಅತ್ತಿಗೆ ಮೊದಲ ಸಾಲಿನ ಟಿಕೆಟ್ಟು ಹಿಡಿದು ಗೋಡೆಯ ಮುಂದೆ ಬಹಳ ಹೊತ್ತು ನಿಂತರು. "ಇಪ್ಪತ್ತೆರಡು ವರ್ಷ ಇವರನ್ನ ನೋಡಿದೆ, ಕೇಳಲಿಲ್ಲ. ಈಗ ಕೇಳೋ ಕಾಲಕ್ಕೆ ನೋಡೋ ಹಾಗಿಲ್ಲ," ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಯಿತು. ನೋಟೀಸಿನ ನಕಲೊಂದನ್ನು ಅವರಿಗೂ ಕೊಟ್ಟೆ.

ಮೊದಲ ಪ್ರದರ್ಶನದ ಸಂಜೆ ಆರೂವರೆಗೆ ಮುನ್ನೂರ ಹನ್ನೆರಡು ಜನ ಸೇರಿದರು. ನಾನು ಪ್ರಕಟಣೆ ಓದಿದೆ: "ಪ್ರೇಕ್ಷಕರು ನಿವಾಸಿಗಳ ಖಾಸಗಿತನವನ್ನು ಗೌರವಿಸತಕ್ಕದ್ದು. ಕಿಟಕಿಯಲ್ಲಿ ಇಣುಕುವುದು ದಂಡನಾರ್ಹ. ಕೇಳಿಸಿಕೊಳ್ಳುವ ಬಗ್ಗೆ ನಿಯಮಗಳು ಏನನ್ನೂ ಹೇಳುವುದಿಲ್ಲ."

ಪರದೆ ಮೇಲೆದ್ದಿತು. ಗೋಡೆ ಕಂಡಿತು. ಗೋಡೆಗೆ ಚಪ್ಪಾಳೆ ಬಿತ್ತು.

ಒಳಗೆ ಒಪ್ಪಣ್ಣ ಏನೋ ಗೊಣಗಿದರು. ನಾನು ಕಣ್ಣು ಮುಚ್ಚಿಕೊಂಡೆ, ಮುಂದಿನ ಮಾತು ಕಂಬಣ್ಣನದು. ಗೋಡೆಯೇ ಅದುರುವಂತೆ ಅವನ ದನಿ ಎದ್ದಿತು. "ನನ್ನ ಕಸ ಮುಟ್ಟಿದ್ರೆ ಹುಷಾರ್! ಯಾವ ಕಸ ಎಲ್ಲಿದೆ ಅಂತ ನಂಗೆ ಲೆಕ್ಕ ಇದೆ!" ಕುರ್ಚಿಗಳಿಲ್ಲ, ಕಣ್ಣುಗಳಿಲ್ಲ, ಸುತ್ತ ನಾಲ್ಕು ಗೋಡೆ. ಕಂಬಣ್ಣ ತನ್ನ ಮನೆಯಲ್ಲಿದ್ದ. ಒಂದು, ಎರಡು, ಐವತ್ತು, ನೂರು, ಮಾತು ಹೊಳೆಯಾಗಿ ಹರಿಯಿತು. ತಟ್ಟೆ ಉರುಳಿತು, ಮಂಚ ಎಳೆದಾಡಿದ ಸದ್ದಾಯಿತು, ಯಾವನೋ ಯಾವನ ಮೇಲೋ ದಿಂಬು ಎಸೆದ.

ಎರಡನೇ ದೃಶ್ಯಕ್ಕೆ ಮೂರನೇ ಸಾಲಿನ ಅಜ್ಜಿಯೊಬ್ಬರು ಎದ್ದು, ಕುಡಿಯುವ ನೀರಿನ ಹತ್ತಿರವಿದ್ದ ಸ್ಟೀಲು ಲೋಟ ತೆಗೆದುಕೊಂಡು ವೇದಿಕೆ ಹತ್ತಿದರು. ಲೋಟವನ್ನು ಗೋಡೆಗೆ ಕವುಚಿ ಕಿವಿಯಿಟ್ಟರು. ನಾನು ಓಡಿಹೋಗಿ ತಡೆದೆ.

"ಸುಮ್ನಿರಪ್ಪಾ," ಎಂದರು. "ಪಕ್ಕದ ಮನೆ ಜಗಳ ಮೂವತ್ತು ವರ್ಷದಿಂದ ಹೀಗೇ ಕೇಳ್ತಿದೀನಿ. ಕುರ್ಚೀಲಿ ಕೂತು ಕೇಳಿದ್ರೆ ರುಚಿ ಹತ್ತಲ್ಲ."

ಅಷ್ಟೇ ಸಾಕಾಯಿತು. ಇಡೀ ಪ್ರೇಕ್ಷಾಗೃಹ ವೇದಿಕೆ ಹತ್ತಿತು. ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ. ಆ ಸಂಜೆ ಅದಕ್ಕೆ ಸಿಕ್ಕಷ್ಟು ಕಿವಿಗಳು ಇನ್ನಾವ ಗೋಡೆಗೂ ಸಿಕ್ಕಿರಲಾರವು. ಕ್ಯಾಂಟೀನಿನ ಲೋಟಗಳೆಲ್ಲ ಖರ್ಚಾದ ಮೇಲೆ ನಾನು ಕಚೇರಿಯ ಪೆನ್ನಿನ ಡಬ್ಬಿಗಳನ್ನು ಹಂಚಿದೆ. ಗಂಡಸರು ಒಪ್ಪಣ್ಣನ ಪಕ್ಷ, ಹೆಂಗಸರು ಹರವಣ್ಣನ ಪಕ್ಷ, ಆಮೇಲೆ ಅದಲುಬದಲು. ನಕ್ಕು ನಕ್ಕು ಒಬ್ಬರು ನೆಲಕ್ಕೆ ಕೂತರು, ಕೂತಲ್ಲೇ ಕೆಳಗಿನ ಹಲಗೆಗೆ ಕಿವಿ ಹಚ್ಚಿದರು. ಗೋಡೆ ಪರೀಕ್ಷಿಸಲು ಬಂದಿದ್ದ ಮನೆ ಸುರಕ್ಷತಾ ಅಧಿಕಾರಿ ಕಿಟಕಿಯ ಚೌಕಟ್ಟಿಗೆ ಕಿವಿ ಕೊಟ್ಟು, "ಒಳ್ಳೆ ಗೋಡೆ," ಎಂದರು.

ಕೊನೆಯ ದೃಶ್ಯ ಬಂತು. ಆಗಲೇ ನಮಗೆಲ್ಲ ನೆನಪಾದದ್ದು: ಹರವಣ್ಣನನ್ನು ದಬ್ಬುವ ಬಾಗಿಲು ಈಗ ಪ್ರೇಕ್ಷಕರ ಕಡೆಗಿದೆ.

ಬಾಗಿಲು ತೆರೆಯಿತು. ಕಂಬಣ್ಣ ಒಂದೇ ಕಾಲ್ಚೀಲದಲ್ಲಿ ಹೊರಬಿದ್ದ. ಬಾಗಿಲು ಮುಚ್ಚಿತು. ಒಂದು ಮೊಳದ ದೂರದಲ್ಲಿ, ಲೋಟ ಹಿಡಿದ ಮುನ್ನೂರ ಹನ್ನೆರಡು ಮುಖಗಳು. ನಾನೂರ ಹದಿನೇಳು ಮಾತು ಮುಗಿದಿದ್ದವು, ಉಳಿದದ್ದು ಒಂದು. ಕಂಬಣ್ಣ ಬಾಯಿ ತೆರೆದ. ಹಾಗೆಯೇ ನಿಂತ. ಕೈ ತಾನಾಗಿಯೇ ಈಟಿ ಹಿಡಿಯುವ ಭಂಗಿಗೆ ಹೋಯಿತು. ನಿರ್ದೇಶಕರು ಎದೆ ಹಿಡಿದುಕೊಂಡರು.

ಅತ್ತಿಗೆ ಎದುರಿಗೇ ಇದ್ದರು. ಅವರಿಗೆ ಆ ಮಾತು ಬಾಯಿಗೆ ಬರುತ್ತಿತ್ತು, ಆದರೆ ಹೇಳಿಕೊಡಲಿಲ್ಲ. ಅಳತೆಗೆ ನಿಂತ ಗಿರಾಕಿಯನ್ನು ತಿರುಗಿಸುವಂತೆ ಗಂಡನ ಎರಡೂ ಭುಜ ಹಿಡಿದು, ಮೆಲ್ಲಗೆ ಬಾಗಿಲ ಕಡೆಗೆ ತಿರುಗಿಸಿ ನಿಲ್ಲಿಸಿದರು.

"ಹ್ಞೂಂ, ಈಗ ಮಾತಾಡಿ," ಎಂದರು.

"ಬಾಗಿಲು ತೆಗಿಯೋ!" ಎಂದು ಕಂಬಣ್ಣ ಬಾಗಿಲಿಗೆ ಗುಡುಗಿದ. "ನನ್ನ ಇನ್ನೊಂದು ಕಾಲ್ಚೀಲ ನಿನ್ನ ಕಾಲಲ್ಲಿದೆ!"

ಮೇಲೆ ಸೂರಿನಲ್ಲಿ ಆಗತಾನೆ ಮರಳಿ ನೆಲೆಸಿದ್ದ ಪಾರಿವಾಳಗಳು ಮತ್ತೆ ಹಾರಿದವು. ಜನ ಚಪ್ಪಾಳೆ ತಟ್ಟಲು ಹೋಗಿ ಲೋಟಗಳನ್ನು ಬಡಿದರು. ಅತ್ತಿಗೆ ಅಳುತ್ತ ನಗುತ್ತ ಅವನ ಅಂಗಿಯ ಬೆನ್ನ ಮೇಲಿದ್ದ ಒಂದು ದಾರದೆಳೆ ಕಿತ್ತು ಹಾಕಿದರು.

ಈಗ ತೊಂಬತ್ತೆರಡನೆಯ ಪ್ರದರ್ಶನ ನಡೆಯುತ್ತಿದೆ. ಮುಂಗಡ ಟಿಕೆಟ್ಟುಗಳಲ್ಲಿ ಎರಡೇ ದರ್ಜೆ: ಗೋಡೆ ಪಕ್ಕ ಮತ್ತು ಮೂಲೆ. ಲೋಟ ತಾವೇ ತರತಕ್ಕದ್ದು. ಪ್ರಾಂತ್ಯದ ಉಳಿದ ರಂಗಮಂದಿರಗಳೂ ನಾಲ್ಕನೇ ಗೋಡೆಗೆ ಅರ್ಜಿ ಹಾಕಿವೆ. ನಿರ್ದೇಶಕರು ಇದೆಲ್ಲ ಮೊದಲಿನಿಂದಲೂ ತಮ್ಮ ಕಲ್ಪನೆಯೇ ಎಂದು ಭಾಷಣ ಮಾಡುತ್ತಿದ್ದಾರೆ. ದಾಖಲೆಯಿಲ್ಲದ್ದರಿಂದ ಅದನ್ನು ಅಲ್ಲಗಳೆಯಲಾಗದು.

ಕಳೆದ ವಾರ ಮನೆಗಣತಿ ಕಚೇರಿಯಿಂದ ಆದೇಶವೊಂದು ಬಂತು. ಎಣಿಕೆಯಲ್ಲಿ ತಪ್ಪಾಗಿದೆಯೆಂದೂ, ನಲವತ್ತನೇ ಮನೆ ಮನೆಯಲ್ಲವೆಂದೂ, ಗೋಡೆಯನ್ನು ಕೂಡಲೇ ತೆಗೆಯಬೇಕೆಂದೂ ಅದರಲ್ಲಿತ್ತು. ನಾನು ಅದನ್ನು ತಂಡದ ಮುಂದೆ ಓದಿದೆ. ಕಂಬಣ್ಣ ಮುಖ ತಿರುಗಿಸಿ ನಿಂತು, ಗೋಡೆಗೆ ಹೇಳಿದ:

"ಇದನ್ನ ತೆಗೀಬೇಡಿ. ಎಲ್ಲರೂ ನೋಡ್ತಿದ್ರೆ ನಂಗೆ ಮಾತೇ ಬರಲ್ಲ."

ಸರ್ಕಾರಿ ಆದೇಶವನ್ನು ಹರಿಯುವಂತಿಲ್ಲ, ಕಳೆಯುವಂತೆಯೂ ಇಲ್ಲ, ಜೋಪಾನವಾಗಿ ಇಡಬೇಕು. ಆದ್ದರಿಂದ ಅದನ್ನು ನಲವತ್ತನೇ ಮನೆಯೊಳಗೆ, ಹರವಣ್ಣನ ಮಂಚದ ಸುತ್ತಮುತ್ತಲಿನ ಕಸದ ನಡುವೆ ಇಟ್ಟಿದ್ದೇನೆ. ಒಪ್ಪಣ್ಣನ ಕೈಗೂ ಅದು ಇನ್ನೂ ಸಿಕ್ಕಿಲ್ಲ. ಹುಡುಕಿಸಬೇಕೆಂದು ಯಾರೂ ಅರ್ಜಿ ಹಾಕಿಲ್ಲ.