ಬೀರಲಿಂಗನ ಎಡಗಾಲಿನ ಅಧಿಕೃತ ಉದ್ದ

ಅಸೂಟಿಯ ಬೀರಲಿಂಗ ಮೊದಲ ಸಲ ಮನೆ ಬಿಟ್ಟು ಹೋದದ್ದು ಒಂದು ಸೋಮವಾರ, ಐದನೇ ಇಯತ್ತೆಯ ಲೆಕ್ಕದ ಪರೀಕ್ಷೆಯ ದಿನ. ಅವನ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಇವೆರಡೂ ನಿರ್ವಿವಾದ ಸಂಗತಿಗಳು. ಆಮೇಲೆ ಮೂವತ್ತು ವರ್ಷ ಅವ ಒಂದೂರಲ್ಲಿ ಮೂರು ದಿನ ನಿಂತವನಲ್ಲ. ಅಂಗವಿಕಲರ ಬಸ್ ಪಾಸೇ ಅವನ ಹೊಲ, ಅದೇ ಅವನ ಮನಿ.

ಈ ವರ್ಷ ಪಾಸಿಗೆ ಶಿಫಾರಸು ಬರೆಸಲು ರೋಣದ ಸಮಾನ ನೋಟ ಮಂಡಳಿಗೆ ಹೋದಾಗ ಕಾರ್ಯದರ್ಶಿ ಮಾಲತೇಶ ಅವನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಂಥವರನ್ನ ಹುಡುಕಾಕ್ಹತ್ತಿದ್ವಿರಿ," ಎಂದ. ಅಂಗವಿಕಲರ ಬಗ್ಗೆ ಜನರ ಕಣ್ಣು ತೆರೆಸಲು ಮಂಡಳಿ ಕಾರ್ಟೂನ್ ಸಿನಿಮಾ ಮಾಡುತ್ತಿತ್ತು. ಬೀರಲಿಂಗ ನಡೆದು ತೋರಿಸಿದರೆ ಸಾಕು, ನಾಯಕ ಅವನೇ. ಪಾಸು ಆಮೇಲೆ.

ನಿಯಮಾವಳಿ ಓದಿ ಹೇಳಲಾಯಿತು: ಸಿನಿಮಾದಲ್ಲಿ ಕುರುಡರು ಇಂಪಾಗಿ ಹಾಡತಕ್ಕದ್ದು. ದಪ್ಪಗಿದ್ದವರು ಐದು ನಿಮಿಷಕ್ಕೊಮ್ಮೆ ಬೀಳತಕ್ಕದ್ದು. ಕಪ್ಪಗಿದ್ದವರನ್ನು ಬೆಳ್ಳಗೆ ಮಾಡಕೂಡದು. ಬೆಳಕು ಹೆಚ್ಚಿಗೆ ಬಿಡಲು ಅಡ್ಡಿಯಿಲ್ಲ. ಕುಂಟರು ಯಾರ ಮೇಲೂ ಸಿಟ್ಟಾಗಕೂಡದು.

"ನಾ ದಿನಾ ಸಿಟ್ಟಾಗತೀನ್ರಿ."

"ಅದು ನಿಮ್ಮ ಖಾಸಗಿ ವಿಷಯ."

ಚಿತ್ರ ಬರೆಯುವ ಕೆಲಸ ಗಜೇಂದ್ರಗಡದ ದ್ರಾಕ್ಷಾಯಣಿಗೆ ಸಿಕ್ಕಿತು. ಕೈಮಗ್ಗದ ಸೀರೆಗಳಿಗೆ ಚೌಕದ ಹಾಳೆಯ ಮೇಲೆ ನಕ್ಷೆ ಬರೆಯುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಬೀರಲಿಂಗ ಆಕೆಯ ಅಂಗಳದಲ್ಲಿ ಒಂಬತ್ತು ದಿನ, ಪಾಸಿನ ಆಸೆಗೆ, ಅತ್ತಿಂದಿತ್ತ ನಡೆದ. ಹತ್ತನೆಯ ದಿನ ಹಾಳೆ ನೋಡಿದರೆ ಎರಡೂ ಕಾಲು ಸಮ.

"ಅಕ್ಕಾರ, ನನ್ನ ಎಡಗಾಲು ಗಿಡ್ಡ ಐತ್ರಿ."

"ಗೊತ್ತೈತಪ್ಪ. ಆದ್ರ ಎರಡೂ ದಡಿ ಸಮ ಇರದಿದ್ರ ಸೀರಿ ವಾಪಸ್ ಬರತೈತಿ. ನಲವತ್ತು ವರ್ಷದ ಕೈ, ಗಿಡ್ಡ ಬರಿ ಅಂದ್ರ ಬರೀವಲ್ದು. ಚಲೋ ಕಾಣಾಕ್ಹತ್ತಿ, ಸುಮ್ಮನಿರು."

ರೋಣದಲ್ಲಿ ಸಿನಿಮಾ ತೋರಿಸಿದರು. ಕುಂಟ ನಾಯಕ ಎರಡು ಸಮ ಕಾಲಿನಿಂದ ದಡದಡ ಗುಡ್ಡ ಹತ್ತಿದ. ಜನ ಕಣ್ಣೊರೆಸಿಕೊಂಡರು. ಮಾಲತೇಶ ಅಲ್ಲೇ ಆದೇಶ ಓದಿದ:

"ಅನುಮೋದಿತ ಚಿತ್ರದಲ್ಲಿ ಅರ್ಜಿದಾರರ ಕಾಲುಗಳು ಸಮನಾಗಿ ಕಂಡುಬಂದಿರುವುದರಿಂದ ಪಾಸಿಗೆ ಶಿಫಾರಸು ಮಾಡಲು ಅವಕಾಶವಿರುವುದಿಲ್ಲ. ಇನ್ನು ಮುಂದೆ ಅವರ ನಡಿಗೆಯಲ್ಲಿ ಕಾಣುವ ಕುಂಟನ್ನು ರಸ್ತೆಯ ದೋಷವೆಂದು ಪರಿಗಣಿಸತಕ್ಕದ್ದು."

"ಸಾಹೇಬ್ರ, ಕಾಲು ಇಲ್ಲೇ ಐತಲ್ರಿ, ಅಳೀರಿ!"

"ಅಳತಿ ಸಿನಿಮಾದಾಗ ಆಗೇತ್ರಿ. ಸಿಟ್ಟಾಗಬ್ಯಾಡ್ರಿ, ನಾಯಕ ನೀವು."

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಮಾರುವ ಮದರಬಿ, "ಗುಣ ಆತಂತಲ್ಲೋ ಬೀರ್‍ಯಾ! ಭಾಳ ಚಲೋ ಆತು," ಎಂದಳು. ಅವ ಕುಂಟುತ್ತ ಹತ್ತಿರ ಬಂದ. ಆಕೆ ಅವನ ಕಾಲು ನೋಡಿದಳು, ಆಮೇಲೆ ನೆಲ ನೋಡಿದಳು. "ಖರೇ ಐತಿ. ಈ ರಸ್ತಾ ಭಾಳ ಕೆಟ್ಟೈತಿ."

ಮರುದಿನ ಮಂಡಳಿಯ ಇಬ್ಬರು ಬಂದು ರಸ್ತೆಯ ಎಡಕ್ಕೆ ಎರಡು ಬೆರಳು ಎತ್ತರ ಮಣ್ಣು ಹಾಕಿ, ಬಡಿದು ಗಟ್ಟಿ ಮಾಡಿದರು. ಆ ಹತ್ತು ಮಾರು ದೂರ ಬೀರಲಿಂಗ ಕುಂಟಲಿಲ್ಲ. ನೆರೆದವರು ಚಪ್ಪಾಳೆ ತಟ್ಟಿದರು.

"ಮುಂದಿನೂರು ಮುಶಿಗೇರಿತನಕ ಯಾವಾಗ ಹಾಕತೀರಿ?" ಎಂದು ಅವ ಕೇಳಿದ.

"ಅರ್ಜಿ ಕೊಡ್ರಿ."

ಬೀರಲಿಂಗನಿಗೆ ಅದು ಸರಿಯೆನಿಸಿತು. ಆದರೆ ಗಜೇಂದ್ರಗಡಕ್ಕೆ ಬಂದು ಹನ್ನೆರಡು ದಿನವಾಗಿತ್ತು, ಕಾಲು ಇನ್ನು ನಿಲ್ಲಲೊಲ್ಲದು. ಅವ ತನ್ನ ಚೀಲ ಕೊಡವಿದ. ಮದರಬಿ ಚೀಲದ ಬಾಯಿ ಅಗಲಿಸಿ ಹಿಡಿದಳು. ದಾರಿಯಲ್ಲಿ ಎಡಗಾಲ ಕೆಳಗೆ ಹಾಕಿಕೊಳ್ಳಲು ಅವ ತಳಕ್ಕೆ ಎರಡು ಬುಟ್ಟಿ ಮಣ್ಣು ತುಂಬಿ, ಅದರ ಮೇಲೆ ಅಂಗಿ ಮಡಚಿಟ್ಟುಕೊಂಡ.