ಕೊಸರಿನ ಬಟನ್

ಅನೂಪ ಹೆಗಡೆ ಹುಟ್ಟಿದಂದಿನಿಂದ ಮೀನು ತಿಂದವನಲ್ಲ, ಮುಟ್ಟಿದವನೂ ಅಲ್ಲ. ಆದರೂ ಹೊನ್ನಾವರದವರು ಮನೆಯಲ್ಲೇ ಕುಳಿತು ಹೊಳೆಯಾಚೆಯ ಕಾಸರಕೋಡಿನ ಮೀನು ಕೊಳ್ಳುವ ಆ್ಯಪಿಗೆ ಡಿಸೈನರ್ ಅವನೇ. ಚಂದದ ಬಂಗಡೆಯ ಚಿತ್ರ, ಪಕ್ಕದಲ್ಲಿ ಬೆಲೆ; ಒಮ್ಮೆ ಒತ್ತಿದರೆ ವ್ಯಾಪಾರ ಮುಗಿಯಿತು. ಇದಕ್ಕಿಂತ ಸುಲಭ ಏನಿದೆ ಎಂದು ಅವನಿಗೆ ಹೆಮ್ಮೆ.

ಒತ್ತುವವರು ಮಾತ್ರ ಇರಲಿಲ್ಲ. "ಇವತ್ತು ಸಂಜೆಯೊಳಗೆ ಈ ಕೇರಿಯವರು ಮೀನು ತಕಂಡ್ರೆ ನಿನ್ನ ಕೆಲಸ ಖಾಯಂ. ಇಲ್ದಿದ್ರೆ ಬೇರೆ ಕಡೆ ನೋಡ್ಕೊ," ಎಂದು ಮಾಲೀಕ ನಾಗರಾಜ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ. ಖಾಯಂ ಆಗದೆ ಅವನು ಮೆಚ್ಚಿದ ಹುಡುಗಿ ಶರ್ಮಿಳಾಳ ಅಪ್ಪ ಮದುವೆಯ ಮಾತೆತ್ತುವುದಿಲ್ಲ. ಅನೂಪ ಲ್ಯಾಪ್‌ಟಾಪ್ ಹಿಡಿದು ಕೇರಿಯ ಹಿರಿಯಳಾದ ಚೌಡಮ್ಮನ ಜಗಲಿಯಲ್ಲಿ ಕುಳಿತ.

ಚೌಡಮ್ಮ ಕನ್ನಡಕ ಏರಿಸಿ ಬಂಗಡೆ ಆರಿಸಿದಳು, ಬೆಲೆ ನೋಡಿದಳು, ಫೋನು ಕೆಳಗಿಟ್ಟಳು.

"ಎಂತಾತು ಚೌಡಮ್ಮ?"

"ಕೊಸರು ಎಲ್ಲಿ ತಮಾ? ಗಂಗಿ ಆದ್ರೆ ಬೈಕಂಡಾದ್ರೂ ಮೇಲೊಂದು ಮೀನು ಹಾಕ್ತಿತ್ತು. ನಿನ್ನ ಫೋನು ಬೈಯೂದೂ ಇಲ್ಲ, ಹಾಕೂದೂ ಇಲ್ಲ."

ಗಂಗಿ ಕಾಸರಕೋಡಿನ ಮೀನುಗಾರ್ತಿ. ಆ್ಯಪಿಗೆ ಮೀನು ಕೊಡುವವಳೂ ಅವಳೇ. ಅನೂಪ ಕುಳಿತಲ್ಲೇ 'ಕೊಸರು ಹಾಕಿ' ಎಂಬ ಬಟನ್ ಕೂಡಿಸಿದ. ಬೆರಳು ತೋರಿಸಿದರೆ ಹಸ್ತ ನುಂಗುವ ಜನ. ಪಕ್ಕದ ಮನೆಯ ದಿವ್ಯಶ್ರೀ ಟೀವಿ ನೋಡುತ್ತಾ ಒತ್ತುತ್ತಲೇ ಹೋದಳು. ಕೊಂಡ ಮೀನಿಗಿಂತ ಕೊಸರೇ ಹೆಚ್ಚಾಯಿತು. ಗಂಗಿಯ ಫೋನು ಬಂತು.

"ಎಂತದ್ರಾ ಇದು! ಇದ್ದ ಮೀನೆಲ್ಲ ಕೊಸರಿಗೇ ಹೋದ್ರೆ ಮಾರೂದೆಂತದು? ದೋಣೀನೂ ಹಾಕಿಬಿಡ್ಲಾ?"

ಅನೂಪ ಗಡಿಬಿಡಿಯಲ್ಲಿ ಆ ಆರ್ಡರುಗಳನ್ನು ರದ್ದು ಮಾಡಿ, ಒಮ್ಮೆ ಒತ್ತಿದರೆ ಬಟನ್ ಮಾಯವಾಗುವಂತೆ ಮಾಡಿದ. "ಒಂದೇ ಸಲ ಕೇಳಿ ಬಿಡೂಕೆ ಇದೆಂತ ರೇಷನ್ ಅಂಗಡಿಯಾ?" ಎಂದು ಕೇರಿಯೇ ಜಗಲಿಗೆ ಬಂತು.

ಆಗ ಗಂಗಿಯ ಬೈಗುಳದ ಬಗ್ಗೆ ಚೌಡಮ್ಮ ಹೇಳಿದ ಮಾತು ನೆನಪಾಯಿತು. ಗಂಗಿಯ ದನಿಯನ್ನೇ ಫೋನಿನಲ್ಲಿ ತರಿಸಿಕೊಂಡು ಬಟನ್ನಿಗೆ ಜೋಡಿಸಿದ. ಮೊದಲ ಎರಡು ಸಲ ಒತ್ತಿದರೆ, "ಆಗೂದಿಲ್ಲ, ಹೋಗಿ!" ಎಂಬ ಬೈಗುಳ. ಮೂರನೆಯ ಸಲಕ್ಕೆ, "ಆತು, ನೀವಂತ ಹಾಕ್ದೆ," ಎಂದು ಒಂದು ಮೀನು. ಅಷ್ಟೇ.

ಸಂಜೆಯೊಳಗೆ ಮನೆಮನೆಯಿಂದ ಆರ್ಡರ್ ಬಂತು. ಅನೂಪನಿಗೆ ಖುಷಿಯ ಜೊತೆ ಸ್ವಲ್ಪ ನಾಚಿಕೆಯೂ ಆಯಿತು. ಇಷ್ಟು ದಿನ ಅವನು ಆ್ಯಪ್ ಮಾಡಿದ್ದು ತನ್ನಂಥ, ಮೀನೇ ಕೊಳ್ಳದವನಿಗಾಗಿ. ಕೊಳ್ಳುವವರಿಗೆ ಬೇಕಾದದ್ದು ಮೀನೊಂದೇ ಅಲ್ಲ, ಕೇಳಿ ಗೆದ್ದೆ ಎಂಬ ಸಮಾಧಾನ. ಬಳಸುವವರನ್ನು ಮೊದಲು ಅರಿಯಬೇಕು ಎಂಬುದನ್ನು ಡಿಸೈನ್ ಕೋರ್ಸಿನಲ್ಲಿ ಬಾಯಿಪಾಠ ಮಾಡಿಯೇ ಪಾಸಾಗಿದ್ದ.

ನಾಗರಾಜ ಬಂದು ಬೆನ್ನು ತಟ್ಟಿದ. "ಭೇಷ್! ಕೆಲಸ ಖಾಯಂ ಆತು. ಮತ್ತೆ, ನನ್ನ ಕೊಸರು?"

"ಎಂತ ಕೊಸರು ಸರ್?"

"ಮನೆಮನೆಗೆ ಮೀನು ಮುಟ್ಟಿಸುವವ ಇವತ್ತೇ ಕೆಲಸ ಬಿಟ್ಟು ಹೋದ. ಡಿಸೈನಿನ ಸಂಗಡ ಅದೂ ನಿಂದೇ."

"ಆಗೂದಿಲ್ಲ ಸರ್!"

ನಾಗರಾಜ ನಕ್ಕ. "ಇನ್ನೊಂದು ಸಲ ಹೇಳು. ಮೂರನೇ ಸಲಕ್ಕೆ ಒಪ್ಕೊ."

ಅನೂಪ ಮೂಗಿಗೆ ಕರವಸ್ತ್ರ ಕಟ್ಟಿ, ಐಸ್ ಪೆಟ್ಟಿಗೆಯನ್ನು ಬೈಕಿಗೇರಿಸಿ, ಮೊದಲು ಚೌಡಮ್ಮನ ಮನೆಗೇ ಹೋದ. ಆಕೆ ಚೀಲ ಬಿಚ್ಚಿ ಮೀನು ಎಣಿಸಿದಳು.

"ಕೊಸರು ಅದ್ರಲ್ಲೇ ಇದ್ದು ಚೌಡಮ್ಮ."

"ಅದು ಫೋನು ಹಾಕಿದ್ದು ತಮಾ," ಎಂದು ಚೌಡಮ್ಮ ಪೆಟ್ಟಿಗೆಯತ್ತ ಕೈ ತೋರಿಸಿದಳು. "ನಿನ್ನ ಕೈಯಿಂದು ಎಲ್ಲಿ?"