ಕಾಕಾನ ಎಮ್ಮೆ ಕಲಿಸಿದ ಹಾರ್ಮೋನು

ನಮ್ಮ ಕಾಕಾನಿಗೆ ಮೊಬೈಲು ಕೊಡಿಸಿದ್ದು ದಂಡ ಎಂಬುದು ಮನೆಯವರೆಲ್ಲರ ಅಭಿಪ್ರಾಯ. ಖಜೂರಿ ಊರಿನ ತಮ್ಮ ಮನೆಯ ಅಂಗಳದಲ್ಲಿ ನಿಂತು ಅವರು ಮಾತಾಡಿದರೆ ಆಳಂದದಲ್ಲಿರುವ ನನಗೆ ಕೇಳಿಸಲೇಬೇಕು. ಅದು ಸಿಟ್ಟಲ್ಲ, ಅವರ ಸಾಮಾನ್ಯ ದನಿ. ಉಪ್ಪು ಕಡಿಮೆಯಾದರೂ ಒದರುತ್ತಾರೆ, ಹೆಚ್ಚಾದರೂ ಒದರುತ್ತಾರೆ. ಕೇಳಿಸಿಕೊಳ್ಳಲು ಹೆಂಡತಿ, ಅಂದರೆ ನಮ್ಮ ಚಿಗವ್ವ, ಇದ್ದೇ ಇರುತ್ತಾಳೆ.

ಈ ಸದ್ದಿಗೆ ಸೊಪ್ಪು ಹಾಕದ ಜೀವ ಆ ಮನೆಯಲ್ಲಿ ಒಂದೇ, ಎಮ್ಮೆ. ಕರು ಸತ್ತ ಮೇಲೆ ಅದು ಚಿಗವ್ವನ ದನಿ ಕೇಳಿದರಷ್ಟೇ ಹಾಲು ಇಳಿಸುತ್ತಿತ್ತು. ಹೋದ ವರ್ಷ ಕಾಕಾನ ಮಗಳ ಹೆರಿಗೆ ಹತ್ತಿರ ಬಂತು. ಬಿಪಿ ಇದೆ, ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಮಗಳು ತವರಿಗೆ ಬರಲಿಲ್ಲ; ಚಿಗವ್ವನೇ ಮಗಳ ಗಂಡನ ಮನೆಗೆ, ಜೇವರ್ಗಿಗೆ ಹೋದಳು. ಕಾಕಾ ಚೊಂಬು ಹಿಡಿದು ಕೂತು, “ಹಾಲು ಬಿಡಬೇ” ಎಂದು ಗದರಿದರು. ಒಂದು ಹನಿಯೂ ಬರಲಿಲ್ಲ.

ಭಾನುವಾರ ನಾನು ಹೋದಾಗ ದನದ ಡಾಕ್ಟರು ಬಂದಿದ್ದರು.

“ಒಂದು ಸೂಜಿ ಹಾಕ್ರಿ ಸಾಹೇಬ್ರ, ಇದರ ಸೊಕ್ಕು ಇಳೀಲಿ,” ಎಂದರು ಕಾಕಾ.

“ಸೂಜಿ ಬ್ಯಾಡ್ರಿ. ಹಾಲು ಕೆಚ್ಚಲದಾಗ ಅದ. ಬೇಕಾದೋರ ದನಿ ಕೇಳಿದ್ರ ಎಮ್ಮಿ ತಲಿಯಿಂದ ಆಕ್ಸಿಟೋಸಿನ್ ಅಂತ ಹಾರ್ಮೋನು ರಕ್ತಕ್ಕ ಬರ್ತದ. ಅದು ಕೆಚ್ಚಲಕ್ಕ ಹೋದ್ರ ಹಾಲು ಇಳೀತದ. ಅಂಜಿಸಿದ್ರ ಅಡ್ರಿನಲಿನ್ ಅನ್ನೋ ಇನ್ನೊಂದು ಹಾರ್ಮೋನು ಬಂದು ಎಲ್ಲಾ ತಡೀತದ.”

“ಅಂಜಿಸೋರು ಯಾರ್ರಿ ಇಲ್ಲಿ?” ಎಂದು ಕಾಕಾ ಒದರಿದರು. ಎಮ್ಮೆ ಎರಡು ಹೆಜ್ಜೆ ಹಿಂದೆ ಸರಿಯಿತು. ಡಾಕ್ಟರೂ ಸರಿದರು.

ಅಂದು ಸಂಜೆಯೇ ಪ್ರಯೋಗ ನಡೆಯಿತು. ನಾನು ಎಮ್ಮೆಯ ಕಿವಿಯ ಹತ್ತಿರ ಫೋನು ಹಿಡಿದೆ. ಜೇವರ್ಗಿಯಿಂದ ಚಿಗವ್ವ, “ಬಾ ನನ್ನವ್ವಾ, ಬಾ” ಎಂದಳು. ಕಾಕಾ ಹಿಡಿದ ಚೊಂಬಿನಲ್ಲಿ ಹಾಲು ಸರ್ ಸರ್ ಎಂದಿತು. ಆಮೇಲೆ ಆಕೆ ಅದೇ ಮೆತ್ತನೆಯ ದನಿಯಲ್ಲಿ ಗಂಡನ ಮೂವತ್ತು ವರ್ಷದ ತಪ್ಪುಗಳನ್ನು ಒಂದೊಂದಾಗಿ ಹೇಳತೊಡಗಿದಳು. ಹಾಲು ಬರುತ್ತಿದ್ದುದರಿಂದ ಕಾಕಾ ಫೋನು ಕಟ್ ಮಾಡುವಂತಿರಲಿಲ್ಲ.

ನೆಟ್‌ವರ್ಕ್ ಇಲ್ಲದ ದಿನ ಅವರು ಚಿಗವ್ವನ ಹಸಿರು ಸೀರೆ ಸುತ್ತಿಕೊಂಡು ಕೂತರಂತೆ. ಸೀರೆಯ ವಾಸನೆಗೆ ಎಮ್ಮೆ ಒಲಿಯಿತು, ಲಾರಿಯ ಹಾರ್ನಿಗೆ ಮುನಿಯಿತು. ಕಾಕಾ ಸೀರೆಯಲ್ಲೇ ರಸ್ತೆಗಿಳಿದು, ಹಾರ್ನ್ ಹಾಕಬೇಡ ಎನ್ನಲು ಮುಂದಿನ ಲಾರಿಗೆ ಕೈ ಅಡ್ಡ ಹಿಡಿದರು. ಮಹಾರಾಷ್ಟ್ರದ ಡ್ರೈವರ್ ನಿಲ್ಲಿಸಿ, “ಮೌಶಿ, ಎಲ್ಲೀತನಕ ಬರ್ತೀರಿ?” ಎಂದು ಚಿಕ್ಕಮ್ಮನನ್ನು ಕರೆದಂತೆ ಕೇಳಿ ಬಾಗಿಲು ತೆರೆದನಂತೆ. ಸೆರಗಿನೊಳಗೆ ಮೀಸೆ ಕಂಡ ಮೇಲೆ ಅವನು ಆ ದಾರಿಗೆ ಮತ್ತೆ ಬಂದಿರಲಿಕ್ಕಿಲ್ಲ.

ಮಗಳಿಗೆ ಗಂಡು ಕೂಸು ಹುಟ್ಟಿತು. ಎಮ್ಮೆಯನ್ನೂ ಹಸಿರು ಸೀರೆಯನ್ನೂ ಪಕ್ಕದ ಮನೆಯವರಿಗೆ ಒಪ್ಪಿಸಿ, ನಾಲ್ಕನೆಯ ದಿನ ಕಾಕಾ ನನ್ನೊಂದಿಗೆ ಜೇವರ್ಗಿಗೆ ಬಂದರು. ಅಲ್ಲಿ ಬಾಣಂತಿಗೆ ಹಾಲಿಳಿದಿರಲಿಲ್ಲ. ಕೋಣೆಯ ತುಂಬ ಹೆಂಗಸರು, ಒಬ್ಬೊಬ್ಬರದೂ ಒಂದೊಂದು ಬುದ್ಧಿಮಾತು. ಕೂಸೂ ಅಳುತ್ತಿತ್ತು, ತಾಯಿಯೂ ಅಳುತ್ತಿದ್ದಳು.

ಕಾಕಾ ಬಾಗಿಲಲ್ಲಿ ನಿಂತು, “ಎಲ್ಲರೂ ಹೊರಗ ಬರ್ರಿ. ಅಂಜಿಸಿದ್ರ ಹಾರ್ಮೋನು ಕೆಲಸ ಮಾಡಂಗಿಲ್ಲ,” ಎಂದರು.

“ಹಂಗಂತ ಯಾರು ಹೇಳಿದ್ರು?” ಎಂದಳು ಬೀಗತಿ.

“ನಮ್ಮ ಎಮ್ಮಿ.”

ಬೀಗತಿಯ ಮುಖ ಕೆಂಪಾಯಿತು. ಆದರೂ ಕೋಣೆ ಖಾಲಿಯಾಯಿತು. ಒಳಗೆ ಚಿಗವ್ವ ಒಬ್ಬಳೇ ಉಳಿದಳು. ಕಾಕಾ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಒಳಹೋಗಲು ಬಂದವರನ್ನೆಲ್ಲ ಕೈಸನ್ನೆಯಲ್ಲೇ ತಿರುಗಿಸಿ ಕಳಿಸಿದರು. ಬಹಳ ಹೊತ್ತಿನ ಮೇಲೆ ಅಳು ನಿಂತಿತು.

ನಾನು ತಮಾಷೆ ಮಾಡಬೇಕೆಂದು ಅವರತ್ತ ಬಾಗಿದೆ. ಅವರ ಕಣ್ಣು ತುಂಬಿತ್ತು.

“ಈಕಿ ಹುಟ್ಟಿದಾಗ ನಿಮ್ಮ ಚಿಗವ್ವಗೂ ಹಾಲು ಇಳೀಲಿಲ್ಲ. ಬಾಟಲಿ ಮ್ಯಾಲೇ ಬೆಳಿಸಿದ್ವಿ. ಎಲ್ಲಾ ನಿನ್ನದೇ ತಪ್ಪು ಅಂತ ನಾ ದಿನಾ ಒದರ್ತಿದ್ದೆ.”

ಅಷ್ಟರಲ್ಲಿ ಚಿಗವ್ವ ಹೊರಬಂದು, “ಕುಡುದು ಮಲಗ್ಯಾನ,” ಎಂದಳು. ಕಾಕಾ ಎದ್ದು ತಮ್ಮ ಕುರ್ಚಿಯನ್ನು ಆಕೆಯ ಕಡೆ ಸರಿಸಿ, ಕುಡಿಯಲು ನೀರು ತರಲು ಹೋದರು. ಚಿಗವ್ವ ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು. ಕೂರಲು ಆಕೆಗೆ ಸ್ವಲ್ಪ ಹೊತ್ತು ಬೇಕಾಯಿತು.